ಇಟಲಿಗೆ ಹೊರಟವರನ್ನು ಕೂರಿಸಿದ ದಿನ

ನಾವು ಇಟಲಿಗೆ ಹೋಗಲಿಲ್ಲ. ಕೇಳಿದವರಿಗೆಲ್ಲ ಕೊನೇ ಗಳಿಗೆಯಲ್ಲೂ ವೀಸಾ ಬರಲಿಲ್ಲ ಎಂದು ಹೇಳಿಕೊಂಡು ಬಂದಿದ್ದೇವೆ. ಅದು ಸುಳ್ಳು. ವೀಸಾ ಬಂದಿತ್ತು, ಟಿಕೆಟ್ ಬಂದಿತ್ತು, ಜನ್ಮದಲ್ಲಿ ಚಪ್ಪಲಿ ಬಿಟ್ಟು ಬೇರೇನೂ ಮೆಟ್ಟದ ನನ್ನ ಕಾಲಿಗೆ ಶೂ ಕೂಡ ಬಂದಿತ್ತು. ನಿಜ ಹೇಳಿದರೆ ಜನ ‘ಅಯ್ಯೋ ಪಾಪ’ ಎನ್ನುತ್ತಾರೆ. ಯಾರಾದರೂ ನನಗೆ ಅಯ್ಯೋ ಪಾಪ ಎಂದರೆ ಮೈಯೆಲ್ಲ ಉರಿಯುತ್ತದೆ. ಅದಕ್ಕೇ ಬಾಯಿಬಿಟ್ಟು ಹೇಳದೆ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಗಂಡನದು ದಾವಣಗೆರೆಯ ಪಿ.ಬಿ. ರಸ್ತೆಯಲ್ಲಿ ಟೈಲ್ಸ್ ಅಂಗಡಿ. ಹೆಚ್ಚು ಮಾಲು ಎತ್ತಿದ ಡೀಲರುಗಳನ್ನು ಕಂಪನಿಯವರು ಆಗಾಗ ಪ್ರವಾಸಕ್ಕೆ ಕರೆದುಕೊಂಡು ಹೋಗುತ್ತಾರೆ. ಗೋವಾ ಆಯಿತು, ಬ್ಯಾಂಕಾಕ್ ಆಯಿತು, ದುಬೈ ಆಯಿತು. ಪಕ್ಕದ ಅಂಗಡಿಯವರೆಲ್ಲ ಹೋಗಿ ಕಪ್ಪು ಕನ್ನಡಕ ಹಾಕಿಕೊಂಡು ಫೋಟೋ ತೆಗೆಸಿಕೊಂಡು ಬಂದರು. ನಮ್ಮವರು ಒಂದಕ್ಕೂ ಹೋಗಲಿಲ್ಲ. ಈ ಸಲ ಇಟಲಿ, ಅದೂ ಗಂಡ ಹೆಂಡತಿ ಇಬ್ಬರಿಗೂ. ಮಕ್ಕಳಿಗೆ ಮಾತ್ರ ಅವಕಾಶವಿಲ್ಲ ಎಂದು ಕಂಪನಿಯವರು ಮೊದಲೇ ಹೇಳಿಬಿಟ್ಟಿದ್ದರು.

ನಮ್ಮಂಗಡಿಯಲ್ಲಿ ಇಟಾಲಿಯನ್ ಎಂದು ಮಾರುವುದೆಲ್ಲ ಗುಜರಾತಿನಿಂದ ಲಾರಿಯಲ್ಲಿ ಬರುವ ಮಾಲು. “ಇಷ್ಟು ವರ್ಷ ಇಟಾಲಿಯನ್ ಇಟಾಲಿಯನ್ ಅಂತ ಮಾರೀನಿ ಕಣೇ. ಒಂದ್ಸಲ ಒರಿಜಿನಲ್ ಹೆಂಗೈತೆ ನೋಡ್ಕಂಡು ಬರಣ” ಎಂದರು ಊಟಕ್ಕೆ ಕೂತಾಗ. ನಗುತ್ತಲೇ ಹೇಳಿದರು. ಆದರೆ ಅವರ ಆಸೆ ನನಗೆ ಗೊತ್ತಾಗದೆ ಇರುತ್ತದೆಯೇ? ಮದುವೆಯಾದ ಹೊಸದರಲ್ಲಿ ಊಟಿಗೆ ಹೋಗೋಣ ಎಂದಿದ್ದವರು, ಇಷ್ಟು ವರ್ಷವಾದ ಮೇಲೆ ಮತ್ತೆ ಹೋಗೋಣ ಎಂಬ ಮಾತು ಆಡಿದ್ದು ಅವತ್ತೇ.

“ಹುಡುಗಿ?” ಎಂದೆ ನಾನು. ಅವರು ಕೈ ತೊಳೆಯಲು ಎದ್ದರು.

ನಮಗೆ ಇಬ್ಬರು ಮಕ್ಕಳು. ಮಗ ಚಿಕ್ಕವನು, ಧಾರವಾಡದಲ್ಲಿ ಹಾಸ್ಟೆಲಿನಲ್ಲಿದ್ದುಕೊಂಡು ಓದುತ್ತಿದ್ದಾನೆ. ಅವನ ಚಿಂತೆ ನಮಗಿಲ್ಲ. ಮಗಳು ದೊಡ್ಡವಳು. ಇಪ್ಪತ್ತು ದಾಟಿದ್ದಾಳೆ. ಹುಟ್ಟುವಾಗ ಉಸಿರು ಕಟ್ಟಿ ಮಿದುಳಿಗೆ ಏಟಾಯಿತು ಎಂದು ಡಾಕ್ಟರು ಹೇಳಿದರು. ಮೈ ಬೆಳೆಯಿತು, ಬುದ್ಧಿ ನಾಲ್ಕೈದು ವರ್ಷದ ಮಗುವಿನ ಹತ್ತಿರ ನಿಂತಿತು. ಮಾತು ಬರುತ್ತದೆ, ಕಡಿಮೆ. ಸ್ನಾನ ನಾನೇ ಮಾಡಿಸಬೇಕು, ತಿಂಗಳ ದಿನಗಳಲ್ಲಿ ನಾನೇ ನೋಡಿಕೊಳ್ಳಬೇಕು, ಅನ್ನ ನಾನೇ ಕಲಸಿ ತುತ್ತು ಮಾಡಿ ಇಡಬೇಕು. ಕುಕ್ಕರ್ ಕೂಗಿದರೆ ಕಿವಿ ಮುಚ್ಚಿಕೊಂಡು ಕೂರುತ್ತಾಳೆಂದು ನಾನು ಇವತ್ತಿಗೂ ಪಾತ್ರೆಯಲ್ಲೇ ಬೇಳೆ ಬೇಯಿಸುತ್ತೇನೆ. ನಿಟ್ಟುವಳ್ಳಿಯ ನಮ್ಮ ಓಣಿಯಲ್ಲಿ ಗ್ಯಾಸ್ ಅತಿ ಬೇಗ ಮುಗಿಯುವ ಮನೆ ನಮ್ಮದು.

ನಂಟರ ಮದುವೆಗಳಿಗೆ ಇವರು ಹೋದರೆ ನಾನು ಮನೆಯಲ್ಲಿ, ನಾನು ಹೋದರೆ ಇವರು ಮನೆಯಲ್ಲಿ. ನಮ್ಮ ಬಳಗದ ಆಲ್ಬಮ್ಮುಗಳನ್ನು ತಿರುವಿ ಹಾಕಿದರೆ ನಾವಿಬ್ಬರೂ ಒಟ್ಟಿಗೆ ನಿಂತ ಫೋಟೋ ನಮ್ಮ ಮದುವೆಯದು ಬಿಟ್ಟರೆ ಇಲ್ಲ. ಹೊಸದಾಗಿ ಬಂದ ಸೊಸೆಯಂದಿರು ನಮ್ಮನ್ನು ಬೇರೆ ಬೇರೆ ಮನೆಯವರು ಎಂದುಕೊಂಡಿದ್ದೂ ಉಂಟು. ಇದನ್ನು ಹೇಳಿ ನಾನೂ ಇವರೂ ಎಷ್ಟೋ ಸಲ ನಕ್ಕಿದ್ದೇವೆ.

ಇಟಲಿಯ ಸುದ್ದಿ ಕೇಳಿ ಕುಣಿದವಳು ನನ್ನ ತಂಗಿ. ನಮ್ಮ ತವರು ಹರಿಹರ. ಅವಳನ್ನು ಕೊಟ್ಟಿರುವುದು ಅಲ್ಲೇ ಹತ್ತಿರದ ಕೊಕ್ಕನೂರಿಗೆ. ಗದ್ದೆ, ಎಮ್ಮೆ, ಒಲೆ ಎಂದು ದಿನವಿಡೀ ದುಡಿಯುವ ಹೆಂಗಸು. ಮಾತು ಖಾರ, ನನ್ನ ತಂಗಿಯಲ್ಲವೇ. “ಹುಡುಗೀನ ನನ್ನ ಹತ್ರ ಬಿಟ್ಟು ಹೋಗ್ರಿ” ಎಂದಳು. ನಾನು ಆಗುವುದಿಲ್ಲ, ಅವಳು ಊಟ ಮಾಡುವುದಿಲ್ಲ, ನಿದ್ದೆ ಮಾಡುವುದಿಲ್ಲ ಎಂದು ಶುರು ಮಾಡಿದೆ. ತಂಗಿ ನನ್ನ ಮಾತು ಮುಗಿಯಲು ಬಿಡಲಿಲ್ಲ.

“ಅಕ್ಕ, ನೀನೇನು ಸಾಯಲ್ಲೇನು? ಭಾವ ಸಾಯಲ್ಲೇನು? ಒಂದಿನ ಇವಳು ನನ್ನ ಹತ್ರನೇ ಬರ್ಬೇಕು. ಅವತ್ತು ಗಾಬರಿ ಆಗದು ಬ್ಯಾಡ. ಈಗಿಂದನೇ ರೂಢಿ ಆಗ್ಲಿ.”

ನನಗೆ ಅಳು ಬಂತು. ಹಾಗೆ ಮುಖಕ್ಕೆ ಹೊಡೆದಂತೆ ಹೇಳಿದ್ದಕ್ಕಲ್ಲ. ನನ್ನ ಹತ್ರನೇ ಬರ್ಬೇಕು ಎಂದು ಯಾರೂ ಕೇಳದೆ ಹೇಳಿದಳಲ್ಲ, ಅದಕ್ಕೆ. ನಮ್ಮಿಬ್ಬರನ್ನೂ ರಾತ್ರಿ ಹಗಲು ಒಳಗೇ ಕೊರೆಯುತ್ತಿದ್ದ ಪ್ರಶ್ನೆ ಅದೊಂದೇ. ನಾವು ಹೋದ ಮೇಲೆ ಇವಳ ಗತಿ ಏನು? ಇಟಲಿ ಆ ಪ್ರಶ್ನೆಗೆ ಒಂದು ಪರೀಕ್ಷೆ ಎಂದು ನನಗೆ ಆಗ ಅನಿಸಿತು. ಸ್ವಲ್ಪ ದಿನ ಸತ್ತಂತೆ ದೂರ ಇದ್ದು ನೋಡುವುದು. ಬಾಯಲ್ಲಿ ಮಾತ್ರ ರೋಮ್, ವೆನಿಸ್ ಎನ್ನುತ್ತಿದ್ದೆವು.

ಮೊದಲು ಒಂದು ಹಗಲು ಬಿಟ್ಟು ನೋಡಿದೆವು. ಬೆಳಿಗ್ಗೆ ಅವಳನ್ನು ಕೊಕ್ಕನೂರಲ್ಲಿ ಇಳಿಸಿ, ಏನಾದರೂ ಆದರೆ ಬೇಗ ಹೋಗಬಹುದು ಎಂದು ದಾವಣಗೆರೆಗೆ ವಾಪಸು ಬರದೆ ಹರಿಹರದಲ್ಲೇ ಉಳಿದೆವು. ತವರಿಗೆ ಹೋದರೆ ನೂರು ಪ್ರಶ್ನೆ. ಅದಕ್ಕೆ ಹೊಳೆ ದಂಡೆಯ ಮೆಟ್ಟಿಲ ಮೇಲೆ, ಮನೆಬಿಟ್ಟು ಓಡಿಬಂದ ಹುಡುಗ ಹುಡುಗಿಯ ಹಾಗೆ ಕೂತೆವು. ಮಂಡಕ್ಕಿ ಮೆಣಸಿನಕಾಯಿ ತಿಂದೆವು. “ಈಗ ಹಾಲು ಕುಡಿದಿರ್ತಾಳೆ” ಎಂದರು ಇವರು. “ತಂಗಿ ಬಾಯಿ ಒರೆಸಿರ್ತಾಳೋ ಇಲ್ಲೋ” ಎಂದೆ ನಾನು. ತುಂಗಭದ್ರೆ ತನ್ನ ಪಾಡಿಗೆ ಹರಿಯುತ್ತಿದ್ದಳು, ನಾವು ಸುಮ್ಮನೆ ನೋಡಿಕೊಂಡು ಕೂತಿದ್ದೆವು.

ಸಂಜೆ ಕೊಕ್ಕನೂರಿಗೆ ಹೋದಾಗ ಮಗಳು ಕೊಟ್ಟಿಗೆಯಲ್ಲಿದ್ದಳು. ಎಮ್ಮೆಗೆ ಒಂದೊಂದೇ ಎಳೆ ಹುಲ್ಲು ತಿನ್ನಿಸುತ್ತಿದ್ದಳು. ನನ್ನನ್ನು ನೋಡಿದಳು, ಮತ್ತೆ ಎಮ್ಮೆಯ ಕಡೆ ತಿರುಗಿದಳು. ಎದ್ದು ಓಡಿ ಬರುತ್ತಾಳೆ, ಕುತ್ತಿಗೆಗೆ ಬೀಳುತ್ತಾಳೆ ಎಂದು ದಾರಿಯುದ್ದಕ್ಕೂ ಎದೆ ಗಟ್ಟಿ ಮಾಡಿಕೊಂಡು ಬಂದವಳು ನಾನು. “ಹೊಟ್ಟೆ ತುಂಬ ಉಂಡಾಳೆ, ನಾನೇ ತುತ್ತು ಇಟ್ಟೆ” ಎಂದಳು ತಂಗಿ. ಖುಷಿಪಡಬೇಕಿತ್ತು. ಅದರ ಬದಲು ನನಗೆ ಎಂಥ ಸಿಟ್ಟು ಬಂತೆಂದರೆ, ಮಗಳ ಕೈಯ ಹುಲ್ಲು ಕಿತ್ತು ಬಿಸಾಡಿ, “ಏಳ್ತೀಯೋ ಇಲ್ಲೋ” ಎಂದು ರಟ್ಟೆ ಹಿಡಿದು ಎಳೆದೆ. ಇವರು ಬೈಕು ಚಾಲು ಮಾಡಿದರು. ದಾರಿಯಲ್ಲಿ ಅವಳು ಎಂದಿನಂತೆ ನಡುವೆ ಕೂತು ಅಪ್ಪನ ಬೆನ್ನಿಗೆ ಕೆನ್ನೆ ಒತ್ತಿ ನಿದ್ದೆ ಹೋದಳು. ನಾನು ಹಿಂದೆ ಕೂತು ಅತ್ತೆ.

ಆಮೇಲೆ ಒಂದು ರಾತ್ರಿ ಬಿಟ್ಟೆವು. ವೀಸಾಕ್ಕೆ ಬೆರಳಚ್ಚು ಕೊಡಲು ಬೆಂಗಳೂರಿಗೆ ಹೋದಾಗ ಇನ್ನೂ ಸ್ವಲ್ಪ ಹೆಚ್ಚು ಬಿಟ್ಟೆವು. ಹುಡುಗಿ ಚಿಕ್ಕವ್ವನ ಪಕ್ಕ ಮಲಗುವುದು ಕಲಿತಳು, ಅವಳ ಕೈಯಲ್ಲಿ ಉಣ್ಣುವುದು ಕಲಿತಳು. ಬೆಳಿಗ್ಗೆ ನನ್ನನ್ನು ಕೇಳಿದಳಾ ಎಂದು ಫೋನು ಮಾಡಿದರೆ, “ಇಲ್ಲ ಕಣಕ್ಕ, ಆರಾಮ್ ಅದಾಳೆ” ಎನ್ನುತ್ತಿದ್ದಳು ತಂಗಿ. ಒಳ್ಳೆಯದಾಯಿತು ಎನ್ನುತ್ತಿದ್ದೆ. ಒಳ್ಳೆಯದೇ ಆಗಿತ್ತು.

ಮನೆಯಲ್ಲಿ ತಯಾರಿ ಜೋರಾಯಿತು. ಮಗ ಧಾರವಾಡದಿಂದ ಬರುವಾಗ ಗಾಲಿ ಇರುವ ಸೂಟ್‌ಕೇಸ್ ತಂದ. ನಾನು ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಒಗ್ಗರಣೆ ಹಾಕಿದ ಮಂಡಕ್ಕಿ ಎಲ್ಲ ಕಟ್ಟಿಟ್ಟೆ. “ಅಲ್ಲಿ ಊಟ ಕೊಡ್ತಾರೆ ಕಣೇ” ಎಂದು ಇವರು, “ಕೊಟ್ಟಾಗ ನೋಡಣ ಬಿಡ್ರಿ” ಎಂದು ನಾನು. ಮಗಳು ಸೂಟ್‌ಕೇಸಿನೊಳಗೆ ಹೋಗಿ ಕೂತಳು. ಅದನ್ನೂ ನಾವು ಫೋಟೋ ತೆಗೆದುಕೊಂಡೆವು.

ಈಗ ನನ್ನ ಅತ್ತೆಯ ವಿಷಯ ಹೇಳಬೇಕು. ಮಗಳನ್ನು ನನ್ನಷ್ಟೇ, ಕೆಲವೊಮ್ಮೆ ನನಗಿಂತ ಹೆಚ್ಚು ಸಾಕಿದವರು ಅವರು. ಆದರೂ ವಯಸ್ಸಾದ ಅವರೊಬ್ಬರ ಮೇಲೆ ಅವಳನ್ನು ಬಿಟ್ಟು ನಾವಿಬ್ಬರೂ ಒಟ್ಟಿಗೆ ಹೊರಗೆ ಹೋದವರಲ್ಲ. ಹುಡುಗಿ ಸಣ್ಣವಳಿದ್ದಾಗ ಅಮಾವಾಸ್ಯೆ ಬಂತೆಂದರೆ ಅವಳನ್ನು ಬಸ್ಸಿನಲ್ಲಿ ಉಕ್ಕಡಗಾತ್ರಿಗೆ ಕರೆದೊಯ್ಯುತ್ತಿದ್ದರು. ಅಲ್ಲಿಯ ಅಜ್ಜಯ್ಯನ ಗದ್ದುಗೆಗೆ ಬುದ್ಧಿ ಸ್ವಾಧೀನವಿಲ್ಲದವರನ್ನು ಕರೆತರುವುದು ನಮ್ಮ ಕಡೆ ವಾಡಿಕೆ. ಡಾಕ್ಟರು ಹೇಳಿದ ಮೇಲೆ ಇದೆಲ್ಲ ಯಾಕೆ ಎಂದು ನಾನು ಜಗಳವಾಡುತ್ತಿದ್ದೆ. ಒಮ್ಮೆ ನಾನೂ ಜೊತೆಗೆ ಹೋದೆ. ಹೊಳೆಯಲ್ಲಿ ಮಿಂದು ಬಂದು, ಒದ್ದೆ ಸೀರೆಯಲ್ಲೇ ನಿಂತು ಅತ್ತೆ ಬೇಡಿಕೊಂಡಿದ್ದು ಕಿವಿಗೆ ಬಿತ್ತು. ಬುದ್ಧಿ ಕೊಡು ಎಂದು ಅವರು ಕೇಳಲಿಲ್ಲ. “ಅಜ್ಜಯ್ಯಾ, ಇವಳಿಗೆ ಕೊನೀ ತನಕ ಒಬ್ರು ಇರಂಗ ಮಾಡಪ್ಪ” ಎಂದರು. ಆಮೇಲೆ ನಾನು ಜಗಳವಾಡಲಿಲ್ಲ.

ಅತ್ತೆ ತೀರಿಕೊಂಡು ಆಗ ಎರಡು ವರ್ಷವಾಗಿತ್ತು. ನಮ್ಮಲ್ಲಿ ಸತ್ತವರನ್ನು ಮಲಗಿಸಿ ಇಡುವುದಿಲ್ಲ, ಕೂರಿಸುತ್ತೇವೆ. ಅವರನ್ನೂ ಪಡಸಾಲೆಯಲ್ಲಿ ಗೋಡೆಗೆ ಒರಗಿಸಿ ಕುರ್ಚಿಯಲ್ಲಿ ಕೂರಿಸಿ, ಹೊಸ ಸೀರೆ ಉಡಿಸಿ, ಹಣೆತುಂಬ ವಿಭೂತಿ ಹಚ್ಚಿ, ಕತ್ತು ಕಾಣದಂತೆ ಹಾರ ಹಾಕಿದ್ದರು. ಮಗಳು ಬಂದು ಅಜ್ಜಿಯ ತೊಡೆ ಅಲುಗಿಸುತ್ತಿದ್ದಳು, ಏಳು ಎನ್ನುತ್ತಿದ್ದಳು. ಜನ ಗೊಳೋ ಎಂದು ಅಳತೊಡಗಿದರು. ನಾನು ಅವಳನ್ನು ಪಕ್ಕಕ್ಕೆ ಕರೆದು ಹೇಳಿದೆ: “ಅಜ್ಜಿ ಶಿವನ ಹತ್ರ ಹೊಂಟಾಳವ್ವ. ಹೊಂಟೋರನ್ನ ಎಬ್ಬಿಸಬಾರ್ದು, ಅಳಬಾರ್ದು. ಪತ್ರಿ ಇಡು, ಕಾಲು ಮುಟ್ಟು, ಚಿಕ್ಕವ್ವನ ಜತಿಗೆ ಹೋಗಿ ಕೂತ್ಕ.”

ಅವಳು ನಾನು ಹೇಳಿದ್ದನ್ನೆಲ್ಲ ಒಂದಾದ ಮೇಲೊಂದು ಮಾಡಿದಳು. ಬಿಲ್ವಪತ್ರೆ ತಂದು ಅಜ್ಜಿಯ ಮಡಿಲಲ್ಲಿ ಇಟ್ಟಳು, ಕಾಲು ಮುಟ್ಟಿದಳು, ತಂಗಿಯ ಪಕ್ಕ ಹೋಗಿ ಕೂತಳು. ಅಳಲಿಲ್ಲ. ಆವತ್ತಿನಿಂದ ಅಜ್ಜಿ ಎಲ್ಲಿ ಎಂದು ಒಂದು ದಿನವೂ ಕೇಳಲಿಲ್ಲ. ಒಂದೊಂದು ಅಕ್ಷರ ಕಲಿಸಲು ವರ್ಷಗಟ್ಟಲೆ ಹೆಣಗಿದ ನಾನು, ಇಷ್ಟು ದೊಡ್ಡ ವಿಷಯವನ್ನು ಒಂದೇ ಮಾತಿನಲ್ಲಿ ಕಲಿಸಿದೆನಲ್ಲ ಎಂದು ಆ ದುಃಖದಲ್ಲೂ ಹೆಮ್ಮೆಪಟ್ಟಿದ್ದೆ.

ಹೊರಡುವ ಹಿಂದಿನ ದಿನ ಬಂಧುಬಳಗ, ಅಂಗಡಿ ಸಾಲಿನವರು ಎಲ್ಲ ನಮ್ಮನ್ನು ಕಳಿಸಿಕೊಡಲು ಬಂದರು. ತಂಗಿ ಬೆಳಿಗ್ಗೆಯೇ ಬಂದಿದ್ದಳು. ಸಂಜೆ ಹುಡುಗಿಯನ್ನು ತನ್ನ ಜೊತೆಗೇ ಕರೆದುಕೊಂಡು ಹೋಗುವುದೆಂದು ಮಾತಾಗಿತ್ತು. ನಮ್ಮ ಪೈಕಿಯಲ್ಲಿ ವಿಮಾನದಲ್ಲಿ ಹೊರದೇಶಕ್ಕೆ ಜೋಡಿಯಾಗಿ ಹೊರಟವರು ನಾವೇ ಮೊದಲಿಗರು. ಸುಮ್ಮನೆ ಬಿಡುತ್ತಾರೆಯೇ? ನಮ್ಮವರಿಗೆ ಒಬ್ಬರನ್ನು ಗೌರವಿಸುವುದೆಂದರೆ ಹಾರ, ಶಾಲು, ಹಣ್ಣಿನ ಬುಟ್ಟಿ. ಇವರ ದೊಡ್ಡಪ್ಪ ಗದರಿಸಿದರು: “ಕೂಡ್ರಿ ಇಬ್ರೂ, ನಿಂತ್ಕಂಡು ಏನ್ ಹಾರ ಹಾಕಿಸ್ಕಂತೀರಿ.” ಪಡಸಾಲೆಯಲ್ಲಿ ಎರಡು ಕುರ್ಚಿ ಹಾಕಿದರು. ಹಿಂದೆ ಗೋಡೆ ಇತ್ತು. ನಾನು ಹೊಸ ರೇಷ್ಮೆ ಸೀರೆ ಉಟ್ಟಿದ್ದೆ, ಇವರು ಬಿಳಿ ಪಂಚೆ. ಮಠದಿಂದ ತಂದ ವಿಭೂತಿ ಎಂದು ಯಾರೋ ನಮ್ಮಿಬ್ಬರ ಹಣೆಗೂ ಅಗಲವಾಗಿ ಬಳಿದರು. ಚೆಂಡುಹೂವಿನ ಹಾರ, ಸುಗಂಧರಾಜದ ಹಾರ, ಒಂದರ ಮೇಲೊಂದು ಬಿದ್ದವು. ಉಸಿರಾಡಲು ಕತ್ತು ಎತ್ತಬೇಕಾಯಿತು. ಫೋಟೋ ತೆಗೆಯುವವರು, “ಅಲುಗಾಡಬ್ಯಾಡ್ರಿ, ಹಂಗೇ ಇರ್ರಿ” ಎಂದರು. ನಾವು ಅಲುಗಾಡದೆ ಕೂತೆವು.

ನಾವಿಬ್ಬರೂ ಕೊನೆಗೂ ಒಂದೇ ಫೋಟೋದಲ್ಲಿ ಬಂದೆವು ಎಂದು ಇವರಿಗೆ ಪಿಸುಗುಟ್ಟಬೇಕೆಂದು ನಾನು ಬಾಯಿ ತೆರೆಯುವಷ್ಟರಲ್ಲಿ ಮಗಳು ಒಳಗಿನಿಂದ ಬಂದಳು.

ಬಾಗಿಲಲ್ಲಿ ನಿಂತು ನೋಡಿದಳು. ನನ್ನನ್ನು ನೋಡಿದಳು, ಅಪ್ಪನನ್ನು ನೋಡಿದಳು. ಆಮೇಲೆ ದೇವರ ಕೋಣೆಗೆ ಹೋದಳು. ಕೈಯಲ್ಲಿ ಪತ್ರೆ ಹಿಡಿದುಕೊಂಡು ಬಂದು ನನ್ನ ಮಡಿಲಲ್ಲಿ ಇಟ್ಟಳು, ಅಪ್ಪನ ಮಡಿಲಲ್ಲಿ ಇಟ್ಟಳು. ಬಗ್ಗಿ ನನ್ನ ಕಾಲು ಮುಟ್ಟಿದಳು. ಅಪ್ಪನ ಕಾಲು ಮುಟ್ಟಿದಳು. ಅಳಲಿಲ್ಲ. ತುಟಿ ಮಾತ್ರ ಒತ್ತಿ ಹಿಡಿದಿದ್ದಳು. ತಂಗಿ ಕೂತಿದ್ದ ಚಾಪೆಗೆ ಹೋಗಿ ಅವಳ ಪಕ್ಕ ಕೂತು, ಅವಳ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು.

“ಎಷ್ಟು ತಿಳುವಳಿಕೆ ಬಂದೈತೆ ನೋಡ್ರಿ ಹುಡುಗಿಗೆ!” ಎಂದರು ಯಾರೋ. ನಾಲ್ಕು ಜನ ಚಪ್ಪಾಳೆ ತಟ್ಟಿದರು. ಇನ್ನೊಂದು ಸಲ ಮಾಡವ್ವ, ವಿಡಿಯೋ ಮಾಡ್ಕಂತೀನಿ ಎಂದು ಮತ್ಯಾರೋ ಕೂಗಿದರು. ನಾನು ಇವರ ಕಡೆ ನೋಡಿದೆ. ಇವರು ಮಡಿಲಲ್ಲಿದ್ದ ಪತ್ರೆಯನ್ನೇ ನೋಡುತ್ತಿದ್ದರು. ಅವರಿಗೂ ತಿಳಿದಿತ್ತು. ತಂಗಿಗೂ ತಿಳಿದಿತ್ತು, ಅವಳು ಬಾಯಿಗೆ ಸೆರಗು ಹಿಡಿದಿದ್ದಳು. ನಮ್ಮ ಮಗಳು ನಮ್ಮಿಬ್ಬರನ್ನೂ ಕಳಿಸಿಕೊಟ್ಟಿದ್ದಳು. ಎಷ್ಟು ಚೆನ್ನಾಗಿ ಕಳಿಸಿಕೊಟ್ಟಿದ್ದಳು ಎಂದರೆ, ನಿಜವಾಗಿ ಸತ್ತಾಗಲೂ ಇದಕ್ಕಿಂತ ಹೆಚ್ಚಿನದನ್ನು ನಾನು ಬೇಡಲಾರೆ.

ಆಗ ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು ಎಂದು ಈಗ ಅನಿಸುತ್ತದೆ. ಸುಮ್ಮನಿರುವುದು ನನ್ನ ಹಣೆಯಲ್ಲಿ ಬರೆದಿಲ್ಲ. ಯಾವ ತಾಯಿ ಸುಮ್ಮನಿದ್ದಾಳು? ಹಾರಗಳನ್ನು ಕಿತ್ತೆಸೆದು ಎದ್ದೆ. ಹೂಗಳೆಲ್ಲ ಚೆಲ್ಲಾಡಿದವು. ದೊಡ್ಡಪ್ಪ, “ಏ ಏ, ಏನಾತವ್ವ” ಎಂದರು. ನಾನು ಮಗಳ ಮುಂದೆ ಕೂತು ಅವಳ ಎರಡೂ ಕೈಯನ್ನು ನನ್ನ ಕೆನ್ನೆಗೆ ಒತ್ತಿಕೊಂಡೆ. “ಇಲ್ಲೇ ಇದೀನಿ ನೋಡವ್ವ. ನಾನು ಎಲ್ಲೂ ಹೋಗಿಲ್ಲ. ನೋಡು, ಎದ್ದೀನಿ ನೋಡು” ಎಂದೆ.

ಅವಳು ಮೊದಲು ಕೈ ಹಿಂದಕ್ಕೆ ಎಳೆದುಕೊಂಡಳು. ಹೊರಟವರನ್ನು ಮುಟ್ಟಿ ಎಬ್ಬಿಸಬಾರದು ಎಂದು ಹೇಳಿದವಳು ನಾನೇ. ಆಮೇಲೆ ನಿಧಾನವಾಗಿ ನನ್ನ ಮೂಗು ಮುಟ್ಟಿದಳು, ಹಣೆಯ ವಿಭೂತಿ ಒರೆಸಿದಳು. “ಅವ್ವ ಎದ್ಲು” ಎಂದಳು. “ಅವ್ವ ಎದ್ಲು!” ಎಂದು ಜೋರಾಗಿ ನಕ್ಕಳು. ಅವಳು ಅಷ್ಟು ನಕ್ಕಿದ್ದನ್ನು ನಾನು ಕಂಡಿಲ್ಲ. ನಾನೂ ನಕ್ಕೆ, ಅಳುತ್ತ ನಕ್ಕೆ. ತಂಗಿಯೂ ನಕ್ಕಳು.

ಆ ನಗುವಿನಲ್ಲೇ ಅವಳು ಎದ್ದು ದಿವಾನ್ ಮಂಚದ ಮೇಲೆ ಹತ್ತಿದಳು. ಗೋಡೆಯ ಮೇಲೆ ಅತ್ತೆಯ ದೊಡ್ಡ ಫೋಟೋ ಇದೆ, ಗಂಧದ ಹಾರ ಹಾಕಿದ್ದು. ಆ ಹಾರವನ್ನು ಎರಡೂ ಕೈಯಿಂದ ಎತ್ತಿ ತೆಗೆದು ಕೆಳಗೆ ಹಾಕಿದಳು. ಫೋಟೋದ ಕೆನ್ನೆ ತಟ್ಟಿದಳು.

“ಅಜ್ಜಿ, ನೀನೂ ಏಳು” ಎಂದಳು.

ಕಾದಳು. ಮತ್ತೆ ತಟ್ಟಿದಳು. “ಅಜ್ಜಿ ಏಳು. ಅವ್ವ ಎದ್ಲು, ನೀನೂ ಏಳು.” ಅವಳ ಮುಖದಲ್ಲಿ ಇನ್ನೂ ನಗು ಇತ್ತು. ಆಮೇಲೆ ತಿರುಗಿ ನನ್ನನ್ನು ನೋಡಿದಳು, ಈಗ ನೀನು ಹೇಳು ಎಂಬಂತೆ.

ನಾನು ಬಗ್ಗಿ ಕೆಳಗೆ ಬಿದ್ದಿದ್ದ ಗಂಧದ ಹಾರ ಎತ್ತಿಕೊಂಡೆ. ಬಂದವರು ಒಬ್ಬೊಬ್ಬರಾಗಿ ಚಪ್ಪಲಿ ಹುಡುಕಿಕೊಂಡು ಹೋದರು. ಮಾರನೆಯ ದಿನ ನಾವು ಹೊರಡಲಿಲ್ಲ. ಇವರು ಬೆಳಿಗ್ಗೆ ಎದ್ದು ಅಂಗಡಿಯ ಬಾಗಿಲು ತೆಗೆಯಲು ಹೋದರು. ನಾನು ಪಾತ್ರೆಯಲ್ಲಿ ಬೇಳೆ ಇಟ್ಟೆ. ಎರಡು ವರ್ಷ ಅಜ್ಜಿಯ ಹೆಸರೆತ್ತದ ಹುಡುಗಿ ಅವತ್ತಿನಿಂದ ದಿನಾ ಅಜ್ಜಿಯನ್ನು ಕೇಳುತ್ತಾಳೆ. ಊಟಕ್ಕೆ ಕೂತಾಗ ಇನ್ನೊಂದು ತಟ್ಟೆ ಇಡು ಎನ್ನುತ್ತಾಳೆ. ಇಡದಿದ್ದರೆ ತಾನೇ ಎದ್ದು ಇಡುತ್ತಾಳೆ.

ತಂಗಿ ಬಂದಾಗಲೆಲ್ಲ ಸಮಾಧಾನ ಹೇಳುತ್ತಾಳೆ, “ಮರೀತಾಳೆ ಬಿಡಕ್ಕ, ಹುಡುಗಿ ನನ್ನ ಜತಿಗೆ ಆರಾಮ್ ಇರ್ತಾಳೆ.” ಇರುತ್ತಾಳೆ, ನನಗೂ ಅದು ಗೊತ್ತು. ಉಣ್ಣುತ್ತಾಳೆ, ಮಲಗುತ್ತಾಳೆ, ಎಮ್ಮೆಗೆ ಹುಲ್ಲು ಹಾಕುತ್ತಾಳೆ. ಆದರೆ ಅದಕ್ಕೂ ಮೊದಲು ಒಂದು ದಿನ ಇದೇ ಪಡಸಾಲೆಯಲ್ಲಿ ನನ್ನನ್ನು ಕೂರಿಸುತ್ತಾರೆ. ಅವಳು ಪತ್ರೆ ತರುವುದಿಲ್ಲ, ಕಾಲು ಮುಟ್ಟುವುದಿಲ್ಲ. ನೇರ ಬಂದು ನನ್ನ ಕೊರಳಿನ ಹಾರ ತೆಗೆಯುತ್ತಾಳೆ, ಕೆನ್ನೆ ತಟ್ಟಿ ಅವ್ವ ಏಳು ಎನ್ನುತ್ತಾಳೆ. ನಾನು ಏಳುವವಳು ಎಂದು ಅವಳಿಗೆ ಗೊತ್ತು. ಏಳುವ ತನಕ ಅನ್ನುತ್ತಲೇ ಇರುತ್ತಾಳೆ.